ಡಿಸ್ಕ್ ಬೆಂಡ್ ಆಗಿಲ್ಲ ಮಾರಾಯ್ರೇ

ಗ್ಯಾರೇಜ್ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಬಿ.ಸಿ.ರೋಡಿನಿಂದ ಸಕಲೇಶಪುರದವರೆಗೆ, ಉಜಿರೆಯಿಂದ ಕೊಟ್ಟಿಗೆಹಾರದವರೆಗೆ ಹೆದ್ದಾರಿಯ ಬದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನ್ನ ಶಿಷ್ಯರೇ,

ನಿಮಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಬಹುದಿತ್ತು. ಕೆಲವರಿಗೆ ಹೇಳಿದ್ದೂ ಆಯಿತು. "ಆಯ್ತು ಸರ್, ಮಾಡುವ" ಎನ್ನುತ್ತೀರಿ. ಫೋನ್ ಇಟ್ಟ ಮೇಲೆ ಏರ್ ಗನ್ನಿನ ಗರ್ರ್ ಸದ್ದು ಮೊದಲಿನ ಹಾಗೇ ಶುರುವಾಗುತ್ತದೆ. ಅದಕ್ಕೇ ಈ ಸಲ ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆಯುತ್ತಿದ್ದೇನೆ. ನಿಮ್ಮ ಗಿರಾಕಿಗಳೂ ಓದಲಿ ಎಂಬ ದುರುದ್ದೇಶ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಐಟಿಐಯಲ್ಲಿ ಮೇಷ್ಟ್ರು ಹೇಳಿದ್ದಕ್ಕಿಂತ ಕೌಂಟರಿನ ಆಚೆ ನಿಂತ ಗಿರಾಕಿ ಕೇಳಿದ್ದಕ್ಕೆ ಬೆಲೆ ಹೆಚ್ಚು.

ವಿಷಯ ಬ್ರೇಕ್ ಒತ್ತಿದಾಗ ಕಾರು ಅದುರುವುದು.

ಗಿರಾಕಿ ಬಂದು "ಎಂಬತ್ತರಲ್ಲಿ ಹೋಗುವಾಗ ಬ್ರೇಕ್ ಹಾಕಿದ್ರೆ ಸ್ಟೇರಿಂಗ್ ನಡುಗ್ತದೆ" ಎನ್ನುವುದೇ ತಡ, ಚಕ್ರ ಬಿಚ್ಚುವ ಮೊದಲೇ ನಿಮ್ಮ ತೀರ್ಪು ಹೊರಬಿದ್ದಿರುತ್ತದೆ: ಡಿಸ್ಕ್ ಬೆಂಡ್ ಆಗಿದೆ, ಎರಡೂ ಕಡೆ ಹೊಸತು ಹಾಕಬೇಕು. ಹಾಕುತ್ತೀರಿ. ಅದುರುವುದು ನಿಲ್ಲುತ್ತದೆ. ಗಿರಾಕಿಗೂ ಸಮಾಧಾನ, ನಿಮಗೂ ನಾಲ್ಕು ಕಾಸು. ಐದಾರು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಅದೇ ಕಾರು, ಅದೇ ನಡುಕ, ಗಿರಾಕಿಯ ಮುಖ ಮಾತ್ರ ಬೇರೆ. ಆಗ ನೀವು ಡಿಸ್ಕ್ ಮಾಡಿದ ಕಂಪನಿಯನ್ನು ಬೈಯುತ್ತೀರಿ, ಇಲ್ಲವೇ ಶಿರಾಡಿ ಘಾಟಿಯನ್ನು, ಅದೂ ಸಾಲದಿದ್ದರೆ ಕಾರು ಓಡಿಸಿದವನ ಕಾಲನ್ನು.

ಮೊದಲನೆಯ ತೀರ್ಪೇ ತಪ್ಪಿದ್ದರೆ? ಐದು ಸಾವಿರ ಕಿಲೋಮೀಟರ್ ಆದ ಮೇಲೆ ಮರಳಿ ಬಂದ ಅದುರು ನಿಮ್ಮ ಗ್ಯಾರೇಜಿನಲ್ಲೇ, ಹೊಸ ಡಿಸ್ಕ್ ಕೂರಿಸಿದ ದಿನವೇ ಹುಟ್ಟಿದ್ದಾದರೆ? ಹೆಚ್ಚಿನ ಕಾರುಗಳಲ್ಲಿ ಆಗುತ್ತಿರುವುದು ಇದೇ.

ಅಮೆರಿಕದಲ್ಲಿ ಕ್ಯಾರೊಲ್ ಸ್ಮಿತ್ ಎಂಬ ರೇಸಿಂಗ್ ಎಂಜಿನಿಯರ್ ಇದ್ದರು. ಲೆ ಮಾನ್ಸ್ ರೇಸಿನಲ್ಲಿ ಫೆರಾರಿಯನ್ನು ಸೋಲಿಸಿದ ಫೋರ್ಡ್ ಜಿಟಿ 40 ಕಾರುಗಳ ತಂಡದಲ್ಲಿ ಕೆಲಸ ಮಾಡಿದವರು. ಬ್ರೇಕನ್ನು ಕೆಂಡದ ಹಾಗೆ ಕಾಯಿಸುವ ಅಂಥ ರೇಸುಗಳಲ್ಲಿ ನಲವತ್ತು ವರ್ಷ ಕಳೆದ ಆ ಮನುಷ್ಯ, ಶಾಖಕ್ಕೆ ನಿಜವಾಗಿ ಸೊಟ್ಟಗಾದ ಡಿಸ್ಕನ್ನು ತಾನು ಕಂಡೇ ಇಲ್ಲ ಎಂದು ಬರೆದಿಟ್ಟಿದ್ದಾರೆ. ಅವರ ಮಾತನ್ನು ಪೂರ್ತಿ ಅಕ್ಷರಶಃ ತೆಗೆದುಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಕಾದ ಡಿಸ್ಕಿಗೆ ಪ್ರೆಷರ್ ಪಂಪಿನ ತಣ್ಣೀರು ಹೊಡೆದರೆ ಅದು ಬಿರುಕು ಬಿಡಬಹುದು, ಆಕಾರವೂ ಕೆಡಬಹುದು. ಆದರೆ ಮಂಗಳೂರಿನ ಆಫೀಸಿಗೆ ಹೋಗಿ ಬರುವ ಸಣ್ಣ ಕಾರಿನ ಡಿಸ್ಕ್ ವರ್ಷಕ್ಕೊಮ್ಮೆ ಬೆಂಡ್ ಆಗುತ್ತದೆ ಎನ್ನುವುದಿದೆಯಲ್ಲ, ಅದನ್ನು ನಂಬಲು ನಾನು ತಯಾರಿಲ್ಲ.

ಹಾಗಾದರೆ ಅದುರುವುದು ಯಾಕೆ? ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆದವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ.

ಡಿಸ್ಕ್ ತಿರುಗುವಾಗ ಅದರ ಅಂಚು ಆಚೀಚೆ ಓಲಾಡದೆ ನೇರವಾಗಿ ಓಡಬೇಕು. ಸ್ವಲ್ಪ ಓಲಾಡಿದರೆ ಅದನ್ನು ರನೌಟ್ ಎನ್ನುತ್ತೇವೆ. ಸಾಮಾನ್ಯ ಕಾರುಗಳಲ್ಲಿ ಇದು 0.05 ಮಿಲಿಮೀಟರ್ ಒಳಗಿದ್ದರೆ ಒಳ್ಳೆಯದು. ಕೆಲವು ಮ್ಯಾನ್ಯುವಲ್‌ಗಳು 0.10ರವರೆಗೂ ಬಿಡುತ್ತವೆ. ತಮಾಷೆ ಏನೆಂದರೆ, ರನೌಟ್ ಒಂದೇ ಇದ್ದರೆ ಬ್ರೇಕ್ ಅದುರುವುದು ಕಡಿಮೆ. ಈಗಿನ ಸಣ್ಣ ಕಾರುಗಳ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರುವಂಥದ್ದು. ಡಿಸ್ಕ್ ಆಚೆ ಹೋದರೆ ಆಚೆ, ಈಚೆ ಬಂದರೆ ಈಚೆ ಅದರ ಜೊತೆ ಹೋಗುತ್ತದೆ. ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇರುವವರೆಗೆ ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ. ಟೆಸ್ಟ್ ಡ್ರೈವ್ ಮಾಡಿದ ನಿಮಗೂ ಗೊತ್ತಾಗುವುದಿಲ್ಲ. ಕಾರು ಮನೆಗೆ ಹೋಗುತ್ತದೆ.

ಕೆಡುವುದು ಬ್ರೇಕ್ ಒತ್ತದೆ ಇರುವಾಗ. ಪೆಡಲ್ ಬಿಟ್ಟಾಗ ಪ್ಯಾಡು ಡಿಸ್ಕಿನಿಂದ ಬಹಳ ದೂರ ಹೋಗುವುದಿಲ್ಲ, ತಾಗಿಯೂ ತಾಗದ ಹಾಗೆ ಪಕ್ಕದಲ್ಲೇ ಕೂತಿರುತ್ತದೆ. ಓಲಾಡುವ ಡಿಸ್ಕಿನ ಉಬ್ಬಿದ ಭಾಗ ಪ್ರತಿ ಸುತ್ತಿಗೂ ಒಮ್ಮೆ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಕಿಲೋಮೀಟರಿಗೆ ಚಕ್ರ ಐನೂರಕ್ಕಿಂತ ಹೆಚ್ಚು ಸಲ ಸುತ್ತುತ್ತದೆ. ಐದು ಸಾವಿರ ಕಿಲೋಮೀಟರ್ ಎಂದರೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಸಲ ಅದೇ ಜಾಗ ಸವರಿದಂತಾಯಿತು. ಅಲ್ಲಿ ಎರಕದ ಕಬ್ಬಿಣ ಸವೆಯುತ್ತದೆ. ಡಿಸ್ಕಿನ ದಪ್ಪದಲ್ಲಿ ಏರುಪೇರು ಹುಟ್ಟುವುದು ಹೀಗೆ. ಈ ಏರುಪೇರು 0.015ರಿಂದ 0.02 ಮಿಲಿಮೀಟರ್ ಮುಟ್ಟಿದರೆ ಸಾಕು, ಹೆಚ್ಚಿನ ಕಾರುಗಳಲ್ಲಿ ಚಾಲಕನ ಕೈಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ್ದು, ಉಗುರಿಗೆ ಸಿಗದ್ದು. ಡಿಸ್ಕನ್ನು ಟಾರ್ಚ್ ಹಾಕಿ ನೋಡಿ "ಬೆಂಡ್ ಕಾಣ್ತದೆ ಸರ್" ಎನ್ನುವವರು ಏನನ್ನು ನೋಡಿದಿರಿ ಎಂದು ನನಗೂ ತೋರಿಸಿ.

ಈಗ ಬ್ರೇಕ್ ಒತ್ತಿ. ದಪ್ಪದ ಭಾಗ ಪ್ಯಾಡುಗಳ ನಡುವೆ ಬಂದಾಗ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಡುತ್ತದೆ, ಎಣ್ಣೆಯ ಒತ್ತಡ ಏರುತ್ತದೆ, ಪೆಡಲ್ ಕಾಲಿಗೆ ಹೊಡೆಯುತ್ತದೆ. ತೆಳು ಭಾಗ ಬಂದಾಗ ಹಿಡಿತ ಸಡಿಲ. ಚಕ್ರ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಹಿಡಿಯುತ್ತದೆ. ಆ ಎಳೆತ ಸ್ಟೇರಿಂಗ್ ರಾಡಿನ ಮೂಲಕ ಕೈಗೆ ಬರುತ್ತದೆ. ನೂರರ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ಹಾಕುತ್ತದೆ, ಆದ್ದರಿಂದ ನಡುಕವೂ ಅಷ್ಟೇ ಬಿರುಸು. ವೇಗ ಇಳಿದಂತೆ ಅದೂ ನಿಧಾನವಾಗುತ್ತದೆ. ಯಾವುದೋ ಒಂದು ವೇಗದಲ್ಲಿ ಅದು ಮುಂದಿನ ಸಸ್ಪೆನ್ಷನ್ನಿನ ಸಹಜ ಕಂಪನಕ್ಕೆ ತಾಳ ಕೂಡಿಸುತ್ತದೆ. ಗಿರಾಕಿ "ಎಂಬತ್ತರಿಂದ ತೊಂಬತ್ತರೊಳಗೆ ಮಾತ್ರ ಜಾಸ್ತಿ" ಎನ್ನುವುದು ಭ್ರಮೆ ಅಲ್ಲ.

ಹಾಗಾದರೆ ಹೊಸ ಡಿಸ್ಕಿಗೆ ರನೌಟ್ ಎಲ್ಲಿಂದ ಬಂತು? ಒಳ್ಳೆಯ ಕಂಪನಿಯ ಹೊಸ ಡಿಸ್ಕ್ ಡಬ್ಬದಲ್ಲಿ ನೇರವಾಗೇ ಇರುತ್ತದೆ. ಅದನ್ನು ಕೂರಿಸುವ ಜಾಗವನ್ನು ಒಮ್ಮೆ ಸರಿಯಾಗಿ ನೋಡಿದ್ದೀರಾ?

ನಮ್ಮದು ಉಪ್ಪುಗಾಳಿಯ ಊರು. ಮೇಲಿಂದ ನಾಲ್ಕು ತಿಂಗಳು ಬಿಡದ ಮಳೆ. ಹಳೆ ಡಿಸ್ಕ್ ತೆಗೆದಾಗ ಹಬ್ಬಿನ ಮುಖದ ಮೇಲೆ, ಸ್ಟಡ್ಡುಗಳ ಸುತ್ತ, ತುಕ್ಕು ಪದರಪದರವಾಗಿ ನಿಂತಿರುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಅದರ ಮೇಲೆ ಬಟ್ಟೆ ಆಡಿಸಿ ಹೊಸ ಡಿಸ್ಕ್ ಕೂರಿಸುತ್ತೀರಿ. ಲೆಕ್ಕ ಹಾಕಿ. ಹಬ್ಬಿನ ಮುಖ 140 ಮಿಲಿಮೀಟರ್ ಅಗಲ, ಡಿಸ್ಕ್ 250 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಹಬ್ಬಿನ ಅಂಚಿನಲ್ಲಿ 0.05 ಮಿಲಿಮೀಟರಿನ ಒಂದು ತುಕ್ಕಿನ ಚಕ್ಕೆ ಸಿಕ್ಕಿಕೊಂಡರೆ ಡಿಸ್ಕಿನ ಅಂಚಿನಲ್ಲಿ ಅದು ಸುಮಾರು 0.09 ಆಗುತ್ತದೆ. ಒಂದೇ ಚಕ್ಕೆಗೆ ನಿಮ್ಮ ಮಿತಿ ಮುಗಿಯಿತು. ಡಿಸ್ಕ್ ಬೆಂಡ್ ಇಲ್ಲ, ಓರೆಯಾಗಿ ಕೂತಿದೆ ಅಷ್ಟೇ. ಐದು ಸಾವಿರ ಕಿಲೋಮೀಟರಿನ ಗಡಿಯಾರ ಅಲ್ಲಿಂದ ಓಡಲು ಶುರು.

ಎರಡನೆಯದು ನಟ್ಟು. ಏರ್ ಗನ್ ನಿಮಗೆ ಸಮಯ ಉಳಿಸುತ್ತದೆ, ಒಪ್ಪಿದೆ. ಬಿಚ್ಚುವಾಗ ಬೇಕಾದಷ್ಟು ಬಳಸಿ. ಬಿಗಿಯುವಾಗ ಬೇಡ. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರಿನ ಆಸುಪಾಸು. ಆಯಾ ಕಾರಿನ ಅಂಕಿ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ಗನ್ ಸುಲಭವಾಗಿ ಅದರ ದುಪ್ಪಟ್ಟು ಕೊಡುತ್ತದೆ, ಅದೂ ಒಂದು ನಟ್ಟಿಗೆ ಒಂದು ಥರ, ಪಕ್ಕದ್ದಕ್ಕೆ ಇನ್ನೊಂದು ಥರ. ಡಿಸ್ಕಿನ ನಡುವಿನ ಟೋಪಿಯಂಥ ಭಾಗ ತೆಳು; ಒಂದು ಕಡೆ ಹೆಚ್ಚು ಎಳೆದರೆ ಉಜ್ಜುವ ಮುಖವೂ ಅತ್ತ ವಾಲುತ್ತದೆ. ಕೈಯಲ್ಲಿ ಎಲ್ಲ ನಟ್ಟು ಕೂರಿಸಿ, ಎದುರುಬದುರು ನಟ್ಟುಗಳನ್ನು ಅರ್ಧ ಬಿಗಿದು, ಇನ್ನೊಂದು ಸುತ್ತು ಟಾರ್ಕ್ ರೆಂಚ್ ಕಟಕ್ ಎನ್ನುವವರೆಗೆ. ಮೂರು ನಿಮಿಷದ ಕೆಲಸ. ಟಯರ್ ಅಂಗಡಿಯಲ್ಲಿ ಟಯರ್ ಬದಲಿಸಿ ಒಂದೆರಡು ತಿಂಗಳಾದ ಮೇಲೆ ಬ್ರೇಕ್ ಅದುರಲು ಶುರುವಾದ ಕಾರುಗಳು ನಿಮ್ಮ ಬಳಿ ಬಂದಿಲ್ಲವೇ? ಡಿಸ್ಕಿಗೂ ಟಯರಿಗೂ ಏನು ಸಂಬಂಧ ಎಂದು ಗಿರಾಕಿ ತಲೆ ಕೆರೆದುಕೊಳ್ಳುತ್ತಾನೆ. ನೀವು ಕೆರೆದುಕೊಳ್ಳಬಾರದು.

ಮೂರನೆಯ ಕಾರಣ ಘಾಟಿಗೆ ಸೇರಿದ್ದು. ಇಲ್ಲಿ ಗಿರಾಕಿಯ ಪಾಲೂ ಇದೆ. ಐದು ಜನ, ಡಿಕ್ಕಿ ತುಂಬ ಲಗೇಜ್, ಒಟ್ಟು 1,500 ಕೆ.ಜಿ. ಭಾರದ ಕಾರು 700 ಮೀಟರ್ ಇಳಿದರೆ ಸುಮಾರು ಒಂದು ಕೋಟಿ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಅದೇ ಕಾರನ್ನು 80 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಲು ಬೇಕಾದ್ದು ಮೂರೂ ಮುಕ್ಕಾಲು ಲಕ್ಷ ಜೂಲ್‌ಗಿಂತ ತುಸು ಕಡಿಮೆ. ಎಂದರೆ ಎಂಜಿನ್ನಿನ ಹಿಡಿತವನ್ನೂ ಗಾಳಿಯ ತಡೆಯನ್ನೂ ಬಿಟ್ಟರೆ, ಘಾಟಿ ಇಳಿಯುವುದು 80ರಿಂದ ಇಪ್ಪತ್ತೆಂಟು ಸಲ ಕಾರು ನಿಲ್ಲಿಸಿದ್ದಕ್ಕೆ ಸಮ. ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಬ್ರೇಕಿನ ಮೇಲೇ ಇಳಿಸಿದವನ ಡಿಸ್ಕ್ ಘಾಟಿಯ ಬುಡದ ಗುಂಡ್ಯ ಮುಟ್ಟುವಾಗ ಹೇಗಿರಬೇಡ! ಅಲ್ಲಿ ಚಹಾಕ್ಕೆಂದು ನಿಲ್ಲಿಸಿ, ಹಿಂದೆ ಇಳಿಜಾರಿದೆ ಎಂದು ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿಕೊಂಡೇ "ನಾಲ್ಕು ಟೀ" ಎಂದು ಕಿಟಕಿಯಿಂದ ಕೂಗುತ್ತಾನೆ. ಕಾದ ಪ್ಯಾಡು ಕಾದ ಡಿಸ್ಕಿಗೆ ಒಂದೇ ಜಾಗದಲ್ಲಿ ಒತ್ತಿ ಕೂತರೆ ಪ್ಯಾಡಿನ ಮಸಾಲೆ ಅಲ್ಲಿ ಅಂಟುತ್ತದೆ. ದೋಸೆ ಕಾವಲಿಯಲ್ಲಿ ಒಮ್ಮೆ ಸೀದ ಜಾಗ ಉಂಟಲ್ಲ, ಆಮೇಲೆ ಹೊಯ್ದ ದೋಸೆಯೆಲ್ಲ ಅಲ್ಲೇ ಕಚ್ಚುವ ಹಾಗೆ, ಆ ಕಲೆಯ ಮೇಲೆ ಪ್ಯಾಡು ಪ್ರತಿ ಸಲ ಬೇರೆ ಥರ ಹಿಡಿಯುತ್ತದೆ. ಹಿಡಿತ ಹೆಚ್ಚಾದ ಜಾಗ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಅಂಟುತ್ತದೆ. ಆ ಚುಕ್ಕಿ 650 ಡಿಗ್ರಿ ದಾಟಿತೋ, ಎರಕದ ಕಬ್ಬಿಣದ ಗುಣವೇ ಅಲ್ಲಿ ಬದಲಾಗಿ ಸಿಮೆಂಟೈಟ್ ಎಂಬ ಗಡುಸು ರೂಪ ಹುಟ್ಟುತ್ತದೆ. ಆಮೇಲೆ ಎಮೆರಿ ಪೇಪರ್ ಹಾಕಿ ಉಜ್ಜಿದರೂ ಬಗ್ಗುವುದಿಲ್ಲ. ಲೇತಿಗೆ ಕೊಟ್ಟರೆ ಸುತ್ತಲಿನ ಮೆತ್ತನೆ ಭಾಗ ಸವೆದು ಆ ಗಂಟು ಮತ್ತೆ ತಲೆ ಎತ್ತುತ್ತದೆ. ಅಂಥ ಡಿಸ್ಕ್ ಗುಜರಿಗೇ. ಡಿಸ್ಕಿನ ಮೇಲೆ ನೀಲಿ ಕಪ್ಪು ಕಲೆಗಳು ಕಂಡರೆ ಈ ಜಾತಿ ಎಂದು ಅನುಮಾನಿಸಿ.

ಇಷ್ಟು ಕಾರಣ. ಈಗ ಪತ್ತೆ. ಬಾನೆಟ್ ಎತ್ತುವ ಮೊದಲು ಬಾಯಿ ಬಿಡಿ, ಕೇಳಿ. ಬ್ರೇಕ್ ಒತ್ತದಿದ್ದರೂ ಅದುರುತ್ತದೆಯೇ? ಹಾಗಿದ್ದರೆ ಮೊದಲು ವೀಲ್ ಬ್ಯಾಲೆನ್ಸ್, ಗುಂಡಿಗೆ ಬಿದ್ದು ಮಡಿಚಿದ ರಿಮ್, ಉಬ್ಬಿದ ಟಯರ್ ನೋಡಿ. ಬ್ರೇಕ್ ಕಡೆ ಹೋಗಲೇಬೇಡಿ. ಕೈಗೆ ಗೊತ್ತಾಗುವುದೋ, ಸೀಟಿಗೋ? ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರ. ಸ್ಟೇರಿಂಗ್ ಶಾಂತವಾಗಿದ್ದು ಸೀಟು, ನೆಲ ಅದುರಿದರೆ ಹಿಂದಿನದು. ನಮ್ಮ ಸಣ್ಣ ಕಾರುಗಳಲ್ಲಿ ಇಂದಿಗೂ ಹಿಂದೆ ಡ್ರಮ್ಮೇ ಹೆಚ್ಚು. ಡ್ರಮ್ಮಿನ ದುಂಡು ಕೆಟ್ಟರೆ ಅದೂ ಅದುರಿಸುತ್ತದೆ ಎನ್ನುವುದು ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದ ಅಂಬಾಸಿಡರ್ ಬಿಚ್ಚಿದವರಿಗೆ ಹೇಳಬೇಕಿಲ್ಲ, ಹುಡುಗರಿಗೆ ಹೇಳಬೇಕು. ಖಾಲಿ ರಸ್ತೆಯಲ್ಲಿ, 40ರ ವೇಗದಲ್ಲಿ, ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಹ್ಯಾಂಡ್‌ಬ್ರೇಕ್ ಲಿವರನ್ನು ಮೆಲ್ಲಗೆ ಎಳೆದು ನೋಡಿ. ಆಗಲೂ ಅದುರಿದರೆ ದೋಷ ಹಿಂದೆ ಇದೆ. ಒದ್ದೆ ರಸ್ತೆಯಲ್ಲಿ ಈ ಸಾಹಸ ಬೇಡ.

ತಣ್ಣಗಿರುವಾಗಲೂ ಅದುರುತ್ತದೆಯೋ, ಘಾಟಿ ಇಳಿದ ಮೇಲೆ ಮಾತ್ರವೋ? ಯಾವಾಗಲೂ ಇದ್ದರೆ ದಪ್ಪದ ಏರುಪೇರು. ಕಾದಾಗ ಮಾತ್ರ ಬಂದು ತಣಿದಾಗ ಹೋದರೆ ಡಿಸ್ಕಿನ ಮೇಲೆ ಬಿಸಿ ಚುಕ್ಕಿಗಳು ಏಳುತ್ತಿವೆ, ಅಥವಾ ಕ್ಯಾಲಿಪರ್ ಪಿನ್ ಜಾಮ್ ಆಗಿ ಒಂದು ಪ್ಯಾಡು ಸದಾ ಉಜ್ಜುತ್ತಿದೆ. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಯಾವ ಕೆಲಸ ಮಾಡಿಸಿದ ಮೇಲೆ ಶುರುವಾಯಿತು? ಇದನ್ನು ಕೇಳುವ ಧೈರ್ಯ ಬೇಕು, ಏಕೆಂದರೆ ಉತ್ತರ "ನಿಮ್ಮಲ್ಲೇ ಸರ್ವೀಸ್ ಮಾಡಿಸಿದ ಮೇಲೆ" ಎಂದೂ ಬರಬಹುದು.

ಎಬಿಎಸ್ ಬಗ್ಗೆ ಒಂದು ಮಾತು. 2019ರ ಏಪ್ರಿಲ್ ನಂತರ ನಮ್ಮಲ್ಲಿ ಮಾರಾಟವಾದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಮಳೆಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಕಟಕಟ ಹೊಡೆಯುವುದು ಅದರ ಕೆಲಸವೇ. ಹಳೆ ಕಾರು ಓಡಿಸಿ ಅಭ್ಯಾಸವಾದ ಹಿರಿಯರು ಗಾಬರಿಯಾಗಿ ಬರುತ್ತಾರೆ. ಅವರಿಗೆ ಡಿಸ್ಕ್ ಮಾರಬೇಡಿ. ಒಣ ರಸ್ತೆಯಲ್ಲಿ, ಇನ್ನೇನು ನಿಲ್ಲಬೇಕು ಎನ್ನುವಷ್ಟು ನಿಧಾನದಲ್ಲಿ ಹಾಗೆ ಹೊಡೆದರೆ ಮಾತ್ರ ಚಕ್ರದ ಸೆನ್ಸರ್, ಅದರ ರಿಂಗಿನ ತುಕ್ಕು ನೋಡಿ.

ಇನ್ನು ಕೆಲಸಕ್ಕೆ ಬನ್ನಿ. ಚಕ್ರ ಬಿಚ್ಚುವಾಗಲೇ ನಟ್ಟುಗಳು ಎಷ್ಟು ಬಿಗಿ ಇದ್ದವು ಎಂದು ಗಮನಿಸಿ, ಅದೇ ಮೊದಲ ಸಾಕ್ಷಿ. ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್ ಇವುಗಳಲ್ಲಿ ಪ್ಲೇ ಇದೆಯೇ ಅಲ್ಲಾಡಿಸಿ ನೋಡಿ. ಇವು ಅದುರನ್ನು ಹುಟ್ಟಿಸುವುದಕ್ಕಿಂತ ದೊಡ್ಡದು ಮಾಡುವುದೇ ಹೆಚ್ಚು. ಹರಿದ ಬುಶ್ ಇರುವ ಕಾರಿನಲ್ಲಿ ಡಿಸ್ಕಿನ ಸಣ್ಣ ದೋಷವೂ ಕೈ ತುಂಬ ನಡುಗುತ್ತದೆ. ಹೊಸ ಡಿಸ್ಕ್ ಹಾಕಿದಾಗ ನಡುಕ ನಿಂತಂತೆ ಕಾಣುತ್ತದೆ, ಬುಶ್ ಹಾಗೇ ಉಳಿಯುತ್ತದೆ.

ಆಮೇಲೆ ಡಯಲ್ ಗೇಜ್. ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ ಅದಕ್ಕೆ ಒಂದು ಟಯರಿನ ಬೆಲೆಯೂ ಇಲ್ಲ, ಆದರೂ ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ದೊಡ್ಡ ಸ್ಕ್ಯಾನರ್ ಇದೆ, ಗೋಡೆಗೆ ಎಲ್‌ಇಡಿ ಬೋರ್ಡ್ ಇದೆ, ಐಟಿಐಯ ಮೊದಲ ವರ್ಷದಲ್ಲಿ ಹಿಡಿದ ಗೇಜ್ ಇಲ್ಲ. ಡಿಸ್ಕನ್ನು ವಾಷರ್ ಕೊಟ್ಟು ನಟ್ಟುಗಳಿಂದ ಸಮನಾಗಿ ಬಿಗಿಯಿರಿ. ಗೇಜಿನ ಮೊನೆ ಹೊರ ಅಂಚಿನಿಂದ ಹತ್ತು ಮಿಲಿಮೀಟರ್ ಒಳಗೆ ಇರಲಿ. ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ಮುಳ್ಳು ಎಷ್ಟು ಓಡಿತು ಬರೆದುಕೊಳ್ಳಿ. ಮೈಕ್ರೋಮೀಟರಿನಲ್ಲಿ ಸುತ್ತ ಎಂಟು ಕಡೆ ದಪ್ಪ ಅಳೆದು ಬರೆಯಿರಿ. ವರ್ನಿಯರ್ ಸಾಲದು, ಅಂಚಿನ ಸವೆಯದ ಏಣು ಅದರ ದವಡೆಗೆ ತಾಗಿ ಸುಳ್ಳು ಹೇಳಿಸುತ್ತದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ, ತುಕ್ಕು ಒರೆಸಿದರೆ ಕಾಣುತ್ತದೆ.

ಡಿಸ್ಕ್ ಹಬ್ಬಿಗೆ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಉಜ್ಜುವ ಮುಖಕ್ಕೆ ಬಾರಿಸಬೇಡಿ. ಎಷ್ಟೋ ಡಿಸ್ಕುಗಳ ನಡುವೆ ಥ್ರೆಡ್ ಇರುವ ಎರಡು ತೂತುಗಳು ಇರುವುದು ನಿಮಗೆ ಬೋಲ್ಟ್ ಹಾಕಿ ತಿರುಗಿಸಿ ಎಂದೇ. ಎರಡನ್ನೂ ಸರದಿಯಲ್ಲಿ ತಿರುಗಿಸುತ್ತ ಹೋದರೆ ಡಿಸ್ಕ್ ತಾನಾಗಿ ಕಳಚಿ ಬರುತ್ತದೆ. ತೆಗೆಯುವ ಮೊದಲು ಡಿಸ್ಕಿಗೂ ಒಂದು ಸ್ಟಡ್ಡಿಗೂ ಸೀಮೆಸುಣ್ಣದ ಗುರುತು ಹಾಕಿ. ಕ್ಯಾಲಿಪರನ್ನು ಹೋಸಿನ ಮೇಲೆ ನೇತು ಬಿಡದೆ ತಂತಿಯಲ್ಲಿ ಕಟ್ಟಿ. ಹಬ್ಬಿನ ಮುಖವನ್ನು ವೈರ್ ಬ್ರಷ್, ಎಮೆರಿ ಬಳಸಿ ಲೋಹ ಹೊಳೆಯುವವರೆಗೆ ಉಜ್ಜಿ. ಸ್ಟಡ್ಡಿನ ಬುಡದ ಸುತ್ತ ಉಳಿಯುವ ತುಕ್ಕಿನ ಬಳೆಯನ್ನೂ ಬಿಡಬೇಡಿ. ಡಿಸ್ಕಿನ ಒಳಮುಖವನ್ನೂ ಹಾಗೇ. ಅಲ್ಲಿ ಗ್ರೀಸ್ ದಪ್ಪಗೆ ಬಳಿಯಬೇಡಿ, ಅದೂ ಒಂದು ಪದರವೇ.

ಕೂರಿಸಿ ಮತ್ತೆ ಅಳೆಯಿರಿ. ರನೌಟ್ ಇನ್ನೂ ಹೆಚ್ಚಿದ್ದರೆ ಡಿಸ್ಕನ್ನು ಒಂದು ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿ ಅಳೆಯಿರಿ, ಇನ್ನೊಂದು ಸ್ಟಡ್, ಮತ್ತೊಂದು. ಹಬ್ಬಿನ ಓರೆ ಒಂದು ಕಡೆ, ಡಿಸ್ಕಿನ ಓರೆ ಇನ್ನೊಂದು ಕಡೆ ಆಗಿ ಎರಡೂ ಒಂದನ್ನೊಂದು ಕಳೆಯುವ ಜಾಗ ಹೆಚ್ಚಾಗಿ ಸಿಕ್ಕೇ ಸಿಗುತ್ತದೆ. ಒಂದು ರೂಪಾಯಿಯ ಸ್ಪೇರ್ ಇಲ್ಲದೆ ಎಷ್ಟೋ ಕಾರು ಇಲ್ಲಿಗೇ ಸರಿಹೋಗುತ್ತವೆ. ಎಲ್ಲ ಜಾಗದಲ್ಲೂ ಮುಳ್ಳು ಅಷ್ಟೇ ಓಡಿದರೆ ಹಬ್ಬನ್ನೂ ಬೇರಿಂಗನ್ನೂ ವಿಚಾರಿಸಿಕೊಳ್ಳಿ.

ದಪ್ಪದ ಏರುಪೇರು ಆಗಲೇ ಹುಟ್ಟಿದ್ದರೆ ಉಜ್ಜಿ ಕೂರಿಸಿದ್ದು ಸಾಲುವುದಿಲ್ಲ. ಸಾಕಷ್ಟು ದಪ್ಪ ಉಳಿದಿದ್ದರೆ ಸ್ಕಿಮ್ ಮಾಡಿಸಿ. ಕಾರಿನಲ್ಲೇ ಹಬ್ಬಿನ ಮೇಲೆ ಕೊರೆಯುವ ಲೇತ್ ಹತ್ತಿರದಲ್ಲಿ ಸಿಕ್ಕರೆ ಅದಕ್ಕಿಂತ ಉತ್ತಮ ಇಲ್ಲ, ಹಬ್ಬಿನ ಓರೆಯೂ ಅದರಲ್ಲೇ ಸೇರಿ ಹೋಗುತ್ತದೆ. ಇಲ್ಲದಿದ್ದರೆ ಸಾದಾ ಲೇತ್. ಆದರೆ ಲೇತಿನವನ ಪಕ್ಕ ನಿಂತು, ಹಬ್ಬಿಗೆ ಕೂರುವ ಮುಖವನ್ನೇ ಆಧಾರ ಮಾಡಿ ಹಿಡಿಸಿ. ಹೊರ ಅಂಚನ್ನು ಚಕ್ಕಿನಲ್ಲಿ ಕಚ್ಚಿಸಿ ಕೊರೆದರೆ ಹೊಳೆಯುವ ಡಿಸ್ಕ್ ಬರುತ್ತದೆ, ಹೊಸ ರನೌಟ್ ಸಮೇತ. ಕೊರೆದ ಮೇಲೂ ಕನಿಷ್ಠ ದಪ್ಪಕ್ಕಿಂತ ಮೇಲೇ ಇರಬೇಕು, ಇಲ್ಲವಾದರೆ ಎಡಬಲ ಎರಡೂ ಹೊಸತು. ನೋಡಿದಿರಾ, ಹೊಸ ಡಿಸ್ಕ್ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಅಳೆದು ಹಾಕಿ.

ಕ್ಯಾಲಿಪರಿನ ಪಿನ್ನುಗಳನ್ನು ಹೊರಗೆಳೆದು ಒರೆಸಿ, ಸಿಲಿಕಾನ್ ಗ್ರೀಸ್ ಹಚ್ಚಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಉಬ್ಬಿ ಮೊದಲಿಗಿಂತ ಕೆಟ್ಟದಾಗಿ ಜಾಮ್ ಆಗುತ್ತದೆ. ಸ್ಕಿಮ್ ಮಾಡಿದ ಡಿಸ್ಕಿಗೂ ಹೊಸ ಡಿಸ್ಕಿಗೂ ಹಳೆ ಪ್ಯಾಡು ಬೇಡ.

ಹೊಸ ಪ್ಯಾಡನ್ನು ಪಳಗಿಸದೆ ಗಾಡಿ ಕೊಡುವುದು ನಿಮ್ಮ ಇನ್ನೊಂದು ರೋಗ. ಖಾಲಿ ರಸ್ತೆಗೆ ಒಯ್ದು 60ರಿಂದ 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿದು, ನಡುವೆ ಅರ್ಧ ನಿಮಿಷ ಗಾಳಿ ಆಡಲು ಬಿಟ್ಟು, ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಆದಷ್ಟು ಮುಟ್ಟದೆ ನಾಲ್ಕೈದು ಕಿಲೋಮೀಟರ್ ಓಡಿಸಿ ತಣಿಸಿ ತನ್ನಿ. ಪ್ಯಾಡಿನ ತೆಳು ಪದರ ಡಿಸ್ಕಿನ ಸುತ್ತ ಸಮನಾಗಿ ಕೂರುವುದು ಹೀಗೆ. ಪೇಟೆಯ ಟ್ರಾಫಿಕ್ಕಿನಲ್ಲಿ ಈ ಕೆಲಸ ಆಗುವುದಿಲ್ಲ, ರಾತ್ರಿ ಅಥವಾ ಬೆಳಗ್ಗೆ ಬೇಗ ಹೋಗಿ.

ಗಿರಾಕಿಗಳಿಗೂ ನಾಲ್ಕು ಸಾಲು ಇಲ್ಲೇ ಬರೆದುಬಿಡುತ್ತೇನೆ. ಘಾಟಿ ಹತ್ತುವಾಗ ಯಾವ ಗೇರ್ ಬೇಕಾಗುವುದೋ ಇಳಿಯುವಾಗಲೂ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ. ಆಟೊಮ್ಯಾಟಿಕ್ ಗಾಡಿಯಾದರೆ ಮ್ಯಾನ್ಯುವಲ್ ಮೋಡಿಗೆ ಹಾಕಿ ಗೇರ್ ಇಳಿಸಿ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್ ಮಾಡಿದರೆ ಐಡ್ಲಿಂಗಿಗೆ ಕುಡಿಯುತ್ತವೆ. ನಿಮ್ಮ ಉಳಿತಾಯದ ಲೆಕ್ಕವೇ ತಲೆಕೆಳಗು. ಬ್ರೇಕನ್ನು ಸದಾ ಸವರುತ್ತಾ ಇರಬೇಡಿ, ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಕೆಳಗೆ ಬಂದ ಮೇಲೆ ತಕ್ಷಣ ನಿಲ್ಲಿಸದೆ ಸಮತಟ್ಟಿನಲ್ಲಿ ಎರಡು ಮೂರು ಕಿಲೋಮೀಟರ್ ಹೋಗಿ. ನಿಂತ ಮೇಲೆ ಪೆಡಲಿನಿಂದ ಕಾಲು ತೆಗೆದು ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಆ ಬಿಸಿಯಲ್ಲಿ ಚಕ್ರಕ್ಕೆ ನೀರು ಹೊಡೆಸಬೇಡಿ. ಅದುರುವುದು ದಿನೇದಿನೇ ಮೆಲ್ಲಗೆ ಹೆಚ್ಚಿದ್ದರೆ ಗಾಬರಿ ಬೇಡ, ವಾರದೊಳಗೆ ತೋರಿಸಿ. ಇದ್ದಕ್ಕಿದ್ದಂತೆ ಜೋರಾಗಿ ಶುರುವಾದರೆ, ಗಾಡಿ ಒಂದು ಕಡೆ ಎಳೆದರೆ, ಕಟಕಟ ಸದ್ದು ಬಂದರೆ ಅಲ್ಲೇ ಬದಿಗೆ ನಿಲ್ಲಿಸಿ ಮೊದಲು ನಟ್ಟುಗಳನ್ನು ನೋಡಿ.

ಶಿಷ್ಯರೇ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಡಿಸ್ಕ್ ಮಾರಿದರೆ ಕಮಿಷನ್ ಇದೆ, ಹಬ್ ಉಜ್ಜಿದರೆ ಮಜೂರಿ ಮಾತ್ರ, ಅದನ್ನೂ "ಏನೂ ಹಾಕಿಲ್ವಲ್ಲ, ಯಾಕೆ ಇಷ್ಟು?" ಎಂದು ಗಿರಾಕಿ ಚೌಕಾಸಿ ಮಾಡುತ್ತಾನೆ. ಹಾಗಾಗಿ ಗಿರಾಕಿಗಳಿಗೂ ಹೇಳುತ್ತೇನೆ: ಅಳತೆಗೆ ದುಡ್ಡು ಕೊಡಿ. ಎರಡು ಗಂಟೆ ಬಗ್ಗಿ ಉಜ್ಜಿ ಅಳೆದವನ ಮಜೂರಿ ಬೇಡದ ಡಿಸ್ಕಿನ ಬೆಲೆಗಿಂತ ಕಡಿಮೆಯೇ ಇರುತ್ತದೆ. ಮತ್ತು ನೀವು, ಬಿಲ್ಲಿನ ಹಿಂದೆ ಮೂರು ಅಂಕಿ ಬರೆದು ಸಹಿ ಹಾಕಿ: ಎಡಬಲ ಡಿಸ್ಕಿನ ರನೌಟ್, ಅತಿ ದಪ್ಪ ಮತ್ತು ಅತಿ ತೆಳು ಜಾಗಗಳ ಅಂತರ, ನಟ್ಟು ಬಿಗಿದ ಟಾರ್ಕ್. ನೂರು ಕಿಲೋಮೀಟರ್ ಆದ ಮೇಲೆ ನಟ್ಟು ಮತ್ತೆ ನೋಡಿಸಲು ಬರಬೇಕು ಎಂದೂ ಅಲ್ಲೇ ಬರೆಯಿರಿ. ಆ ಅಂಕಿ ಇಲ್ಲದ ಬಿಲ್ಲಿಗೆ ಹಣ ಕೊಡುವ ಮೊದಲು ಕೇಳಿ ಎಂದು ಗಿರಾಕಿಗಳಿಗೆ ಹೇಳಿಕೊಡುವವನು ನಾನೇ. ಬೈಯುವುದಿದ್ದರೆ ನೇರವಾಗಿ ಮನೆಗೇ ಬನ್ನಿ.

ಇತಿ,
ನಿಮ್ಮ ಐಟಿಐ ಮೇಷ್ಟ್ರು

ವಿ.ಸೂ.: ಗಲ್ಫಿನಿಂದ ರಜೆಗೆ ಬಂದವರ ಕಾರುಗಳು ಈ ತಿಂಗಳು ನಿಮ್ಮಲ್ಲಿ ಸಾಲು ನಿಲ್ಲುತ್ತವೆ. ಮಳೆಗಾಲವಿಡೀ ಟಾರ್ಪಾಲಿನಡಿ ನಿಂತ ಡಿಸ್ಕಿನ ಮೇಲೆ ಪ್ಯಾಡು ಕೂತಿದ್ದ ಜಾಗದ ಅಚ್ಚು ತುಕ್ಕಿನಲ್ಲಿ ಮೂಡಿರುತ್ತದೆ, ಬ್ರೇಕ್ ಒತ್ತಿದರೆ ಚಕ್ರದ ಸುತ್ತಿಗೊಮ್ಮೆ ಕಚ್ಚುತ್ತದೆ. ಇದಕ್ಕೂ ಡಿಸ್ಕ್ ಬೆಂಡ್ ಎಂದುಬಿಡಬೇಡಿ. ತೆಳು ತುಕ್ಕಾದರೆ ಒಂದು ದಿನ ಹದವಾಗಿ ಬ್ರೇಕ್ ಹಾಕುತ್ತ ಓಡಿಸಿದರೇ ಹೋಗುತ್ತದೆ. ತುಕ್ಕು ಕೊರೆದು ಗುಳಿ ಬಿದ್ದಿದ್ದರೆ ಅಳೆದು ಸ್ಕಿಮ್ ಮಾಡಿಸಿ. ಮುಂದಿನ ಸಲ ಹೊರಡುವ ಮುಂಚೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಹೋಗಲು ಹೇಳಿ. ಮನೆಯಲ್ಲಿ ಯಾರಾದರೂ ಓಡಿಸಬಲ್ಲವರಿದ್ದರೆ ಹದಿನೈದು ದಿನಕ್ಕೊಮ್ಮೆ ಪೇಟೆಯವರೆಗೆ ಹೋಗಿ ಬರಲಿ.